ಮದ್ದು ಬಿಡುವುದು: ತೋಟದಲ್ಲಿ ಒಂದು ಬಗೆ, ಮನೆಯೊಳಗೆ ಇನ್ನೊಂದು



ನಮ್ಮ ಊರಿನಲ್ಲಿ ‘ಮದ್ದು ಬಿಡುವುದು’ ಎಂದರೆ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವುದು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು ಸಲ. ಈ ಲೆಕ್ಕ ನಮ್ಮಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಬಾಯಿಪಾಠ. ಆದರೆ ರಾತ್ರಿ ಮಲಗುವ ಮೊದಲು ನುಂಗುವ ಸಣ್ಣ ಮಾತ್ರೆಯನ್ನು ಬಿಡುವ ಲೆಕ್ಕ ನಮಗೆ ತಿಳಿಯದು. ನಮಗೆ ಎಂದರೆ ಈ ಅಂಕಣ ಬರೆಯುವ ನಮಗೂ ಮೂರು ವರ್ಷಗಳ ಹಿಂದೆ ತಿಳಿದಿರಲಿಲ್ಲ. ತಿಳಿಯದೆ ಆಡಿದ ಒಂದು ಮಾತಿನಿಂದ ನಮ್ಮ ಧರ್ಮಕೇಂದ್ರದ ಒಂದು ಮನೆಯಲ್ಲಿ ಏನಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇವೆ. ಆ ಮನೆಯವರು ‘ಹೆಸರು ಬೇಡ, ವಿಷಯ ಬರೆಯಿರಿ ಫಾದರ್’ ಎಂದು ಒಪ್ಪಿಗೆ ಕೊಟ್ಟಿದ್ದಾರೆ.

ಜೂನ್ ತಿಂಗಳ ಕೊನೆಯಲ್ಲಿ ಬರುವ ಮಾದಕ ವಸ್ತು ವಿರೋಧಿ ದಿನದ ಹತ್ತಿರದ ಭಾನುವಾರ ಅದು. ಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ಒಂದು ತಿಳುವಳಿಕೆ ಸಭೆ. ಯುವಕರಿಗೆಂದು ಇಟ್ಟದ್ದು, ಬಂದವರಲ್ಲಿ ಮುಕ್ಕಾಲು ಪಾಲು ಹಿರಿಯರೇ. ಸಾರಾಯಿ, ಗಾಂಜಾ, ಈಗಿನ ಹೊಸ ಪುಡಿಗಳು ಎಲ್ಲವನ್ನೂ ಬಣ್ಣಿಸಿ, ಮಾತಿನ ಭರದಲ್ಲಿ ನಾವು ಹೇಳಿದೆವು: ‘ದಿನಾ ನಿದ್ದೆ ಮಾತ್ರೆ ನುಂಗುವುದೂ ಒಂದು ಚಟವೇ. ಧೈರ್ಯವಿದ್ದವರು ಇವತ್ತೇ ಅದನ್ನು ತುಂಬಿ ಹರಿಯುವ ತೋಡಿಗೆ ಎಸೆಯಿರಿ.’ ಚಪ್ಪಾಳೆಯೂ ಬಿತ್ತು.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅರುವತ್ತೆಂಟು ವರ್ಷದ ಒಬ್ಬ ಹಿರಿಯರು ಮನೆಗೆ ಹೋಗಿ ಮಾಡಿದ್ದು ಅದನ್ನೇ. ಮಾತ್ರೆಯ ಪಟ್ಟಿ, ಡಾಕ್ಟರ ಚೀಟಿ ಎಲ್ಲವೂ ತೋಡಿಗೆ. ಆ ರಾತ್ರಿ ನಿದ್ದೆಯಿಲ್ಲ. ಸೋಮವಾರ ಕೈ ನಡುಕ, ಬೆವರು. ಮಂಗಳವಾರ ಗೋಡೆಯ ಮೇಲೆ ಇರುವೆ ಹರಿದಂತೆ ಕಾಣುತ್ತದೆ ಎಂದರಂತೆ. ಸೊಸೆ ಆಸ್ಪತ್ರೆಗೆ ಹೋಗೋಣ ಎಂದರೆ, ‘ಫಾದರಿಗೆ ಮಾತು ಕೊಟ್ಟಿದ್ದೇನೆ, ಎರಡು ದಿನದಲ್ಲಿ ಸರಿಹೋಗುತ್ತದೆ’ ಎಂದು ಕೂತರು. ನಮಗೆ ಅವರು ಮಾತು ಕೊಟ್ಟದ್ದು ನಮಗೇ ಗೊತ್ತಿರಲಿಲ್ಲ. ಬುಧವಾರ, ಸಂತ ಪೇತ್ರ ಪಾವ್ಲರ ಹಬ್ಬದ ಬೆಳಿಗ್ಗೆ, ಕೊಟ್ಟಿಗೆಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದವರು ಹಾಗೆಯೇ ಬಿದ್ದು ಕೈಕಾಲು ಸೆಟೆದುಕೊಂಡರು. ಅಪಸ್ಮಾರ. ಅವರ ಜನ್ಮದಲ್ಲಿ ಅದುವರೆಗೆ ಒಮ್ಮೆಯೂ ಬಂದದ್ದಲ್ಲ.

ನೆರೆಮನೆಯ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ವಿಷಯ ತಿಳಿದು ನಾವೂ ಹೋದೆವು. ತುರ್ತು ವಿಭಾಗದ ವೈದ್ಯೆ ಕೇಳಿದ ಮೊದಲ ಪ್ರಶ್ನೆ, ‘ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರಾ, ಅಥವಾ ನಿಲ್ಲಿಸಿದರಾ?’ ಯಾರ ಬಳಿಯೂ ಉತ್ತರವಿಲ್ಲ; ಚೀಟಿ ತೋಡಿನಲ್ಲಿ ಹೋಗಿದೆ. ಕೊನೆಗೆ ಸೊಸೆ ಔಷಧಿ ಅಂಗಡಿಗೆ ಫೋನು ಮಾಡಿ ಹೆಸರು ಕೇಳಿದರು. ಒಂದಲ್ಲ, ಎರಡು ಅಂಗಡಿ. ರಾತ್ರಿಯ ಮಾತ್ರೆ ಗಡಿಯ ಈಚೆ ಕಾಸರಗೋಡಿನ ಒಬ್ಬ ವೈದ್ಯರು ನಿದ್ದೆಗೆಂದು ಬರೆದದ್ದು. ಬೆಳಗಿನ ಮಾತ್ರೆ ಗಡಿಯ ಆಚೆ ಮಂಗಳೂರಿನ ಇನ್ನೊಬ್ಬರು ಎದೆ ಡವಗುಟ್ಟುವುದಕ್ಕೆಂದು ಬರೆದದ್ದು. ಹೊದಿಕೆಯ ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವ ಮದ್ದು ಒಂದೇ: ಆಲ್‌ಪ್ರಜೊಲಾಮ್. ಹೆಂಡತಿ ತೀರಿಕೊಂಡ ವರ್ಷ ಎರಡು ವಾರಕ್ಕೆಂದು ಬರೆದುಕೊಟ್ಟದ್ದು ಒಂಬತ್ತು ವರ್ಷ ನಡೆದು, ದಿನಕ್ಕೆ ಒಂದೂವರೆ ಮಿಲಿಗ್ರಾಂ ಆಗಿತ್ತು. ‘ಯಾರು ನಿಮಗೆ ಒಮ್ಮೆಲೇ ನಿಲ್ಲಿಸಲು ಹೇಳಿದ್ದು?’ ಎಂದು ವೈದ್ಯೆ ಸಿಟ್ಟಿನಿಂದ ಕೇಳಿದರು. ‘ನಾವೇ’ ಎಂದೆವು. ಅವರು ಬೈಯಲಿಲ್ಲ. ಕುರ್ಚಿ ತೋರಿಸಿ ಕೂರಿಸಿ, ಅರ್ಧ ಗಂಟೆ ಪಾಠ ಮಾಡಿದರು. ಆ ಬಳಿಕ ನಾವು ಓದಿದ್ದು, ಕೇಳಿದ್ದು ಎಲ್ಲವೂ ಅಲ್ಲಿಂದಲೇ ಆರಂಭ.

ಈ ಗುಂಪಿನ ಮದ್ದುಗಳಿಗೆ ಬೆಂಜೊಡಯಾಜೆಪೈನ್ ಎಂದು ಹೆಸರು. ನಾಲಿಗೆಗೆ ಕಷ್ಟವಾದರೂ ಒಂದು ಸಲ ಜೋರಾಗಿ ಓದಿಕೊಳ್ಳಿ. ಮೊದಲನೆಯದನ್ನು ಕಂಡುಹಿಡಿದವರು ಲಿಯೊ ಸ್ಟರ್ನ್‌ಬಾಕ್. ಔಷಧಿ ಅಂಗಡಿಯವರ ಮಗ. ಯುದ್ಧದ ಕಾಲದಲ್ಲಿ, 1941ರಲ್ಲಿ, ಯುರೋಪಿನಿಂದ ಅಮೆರಿಕಕ್ಕೆ ಹೋದ ಯಹೂದಿ ವಿಜ್ಞಾನಿ. ಪ್ರಯೋಜನವಿಲ್ಲವೆಂದು ಬದಿಗಿಟ್ಟಿದ್ದ ಒಂದು ವಸ್ತು 1957ರಲ್ಲಿ ಪ್ರಯೋಗಾಲಯ ಶುಚಿ ಮಾಡುವಾಗ ಕಣ್ಣಿಗೆ ಬಿದ್ದು, ಪರೀಕ್ಷೆಗೆ ಹೋಯಿತು. ಅದೇ 1960ರಲ್ಲಿ ಲಿಬ್ರಿಯಂ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. 1963ರಲ್ಲಿ ವ್ಯಾಲಿಯಂ, ಎಂದರೆ ಡಯಾಜೆಪಾಮ್. ಅದಕ್ಕಿಂತ ಮೊದಲು ನಿದ್ದೆಗೆ ಕೊಡುತ್ತಿದ್ದ ಬಾರ್ಬಿಚುರೇಟ್‌ಗಳು ಸ್ವಲ್ಪ ಹೆಚ್ಚಾದರೂ ಉಸಿರು ನಿಲ್ಲಿಸುತ್ತಿದ್ದವು. ಹೊಸತು ಅಷ್ಟು ಕ್ರೂರವಲ್ಲವೆಂದು ಜಗತ್ತು ಸಂತೋಷಪಟ್ಟಿತು. 1969ರಿಂದ 1982ರವರೆಗೆ ಅಮೆರಿಕದಲ್ಲಿ ಅತ್ಯಂತ ಹೆಚ್ಚು ಮಾರಾಟವಾದ ಮದ್ದು ವ್ಯಾಲಿಯಂ. ಬಿಡುವುದು ಕಷ್ಟ ಎಂಬುದು ಜನರಿಗೆ ಅರ್ಥವಾಗಲು ಇಪ್ಪತ್ತು ವರ್ಷ ಬೇಕಾಯಿತು. 1988ರಲ್ಲಿ ಬ್ರಿಟನ್ನಿನ ಔಷಧಿ ಸುರಕ್ಷತಾ ಸಮಿತಿ, ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂದು ವೈದ್ಯರಿಗೆ ತಿಳಿಸಿತು. ಅಮೆರಿಕದ ಔಷಧಿ ಇಲಾಖೆ 2020ರಲ್ಲಿ ಪೆಟ್ಟಿಗೆಯ ಮಾಹಿತಿಯಲ್ಲಿಯೇ ಅವಲಂಬನೆ ಮತ್ತು ಬಿಡುವಾಗಿನ ಅಪಾಯದ ಬಗ್ಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು.

ನಿಮ್ಮ ಮನೆಯ ಕಪಾಟಿನಲ್ಲಿರುವುದು ಇದೇ ಗುಂಪಿನದೋ ಎಂದು ತಿಳಿಯುವುದು ಹೇಗೆ? ಕಂಪೆನಿ ಇಟ್ಟ ದೊಡ್ಡ ಅಕ್ಷರದ ಹೆಸರನ್ನು ನೋಡಬೇಡಿ. ಅದರ ಕೆಳಗಿನ ಸಣ್ಣ ಅಕ್ಷರ ನೋಡಿ. ಆಲ್‌ಪ್ರಜೊಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಕ್ಲೊಬಜಾಮ್, ಕ್ಲೋರ್‌ಡಯಾಜೆಪಾಕ್ಸೈಡ್. ‘ಪಾಮ್’, ‘ಲಾಮ್’ ಎಂದು ಮುಗಿದರೆ ಸಂಶಯಪಡಿ. ಕೊನೆಯ ಎರಡು ಮಾತ್ರ ಹಾಗೆ ಮುಗಿಯುವುದಿಲ್ಲ. ಎಟಿಜೊಲಾಮ್ ಎಂಬುದೂ ಇವುಗಳ ದಾಯಾದಿಯೇ. ಕಣ್ಣಿಗೆ ಬೀಳದ ಹಾಗೆ ಅಡಗಿ ಕೂತಿರುವವೂ ಇವೆ. ಹೊಟ್ಟೆನೋವು, ಗ್ಯಾಸ್ ಎಂದು ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಸೇರಿದೆ. ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್ ಜೊತೆ ಎಟಿಜೊಲಾಮ್ ಸೇರಿಸಿದ ಮಾತ್ರೆಯಿದೆ. ಮನಸ್ಸಿನ ಖಿನ್ನತೆಗೆ ಕೊಡುವ ಎಸಿಟಲೊಪ್ರಾಮ್ ಜೊತೆ ಕ್ಲೊನಾಜೆಪಾಮ್ ಇರುವುದಂತೂ ಬಹಳ ಸಾಮಾನ್ಯ. ‘ನಾನು ನಿದ್ದೆ ಮಾತ್ರೆ ತಿನ್ನುವುದೇ ಇಲ್ಲ, ಗ್ಯಾಸಿನ ಮಾತ್ರೆ ಮಾತ್ರ’ ಎಂದು ನಮ್ಮೊಡನೆ ವಾದಿಸಿದವರೊಬ್ಬರಿದ್ದರು. ಓದಿ ನೋಡಿದಾಗ ಹತ್ತು ವರ್ಷದಿಂದ ಅದನ್ನೇ ತಿನ್ನುತ್ತಿದ್ದರು.

ಗಡಿನಾಡಿನ ನಮಗೆ ಇಲ್ಲಿ ಒಂದು ಹೆಚ್ಚಿನ ತೊಡಕಿದೆ. ಇಲ್ಲಿನ ಸರಕಾರಿ ಆಸ್ಪತ್ರೆಯ ಸೂಚನೆ ಮಲಯಾಳದಲ್ಲಿ, ಮಾತ್ರೆಯ ಪಟ್ಟಿ ಇಂಗ್ಲಿಷಿನಲ್ಲಿ, ನಮ್ಮ ಅಜ್ಜಿಯರಿಗೆ ಓದಲು ಬರುವುದು ಕನ್ನಡ ಮಾತ್ರ. ಅರ್ಧ ಚಿಕಿತ್ಸೆ ಕಾಸರಗೋಡಿನಲ್ಲಿ, ಅರ್ಧ ಮಂಗಳೂರಿನಲ್ಲಿ. ಒಬ್ಬ ವೈದ್ಯರಿಗೆ ಇನ್ನೊಬ್ಬರು ಬರೆದದ್ದು ಗೊತ್ತಿಲ್ಲ. ಆದ್ದರಿಂದ ಒಂದೇ ಒಂದು ಹಳೆ ನೋಟುಪುಸ್ತಕದಲ್ಲಿ ಎಲ್ಲ ಮಾತ್ರೆಗಳ ಸಣ್ಣ ಅಕ್ಷರದ ಹೆಸರನ್ನು ಕನ್ನಡದಲ್ಲಿ ಬರೆದಿಡಿ. ಎಲ್ಲಿಗೆ ಹೋದರೂ ಅದನ್ನು ಒಯ್ಯಿರಿ. ಮನೆಯ ಕಾಲೇಜು ಮಕ್ಕಳಿಗೆ ಇದು ಹತ್ತು ನಿಮಿಷದ ಕೆಲಸ.

ಇನ್ನು, ಇದು ಕೆಟ್ಟ ಮದ್ದು ಎಂದು ಯಾರೂ ತಿಳಿಯಬಾರದು. ಆ ದಿನ ಸಭಾಂಗಣದಲ್ಲಿ ನಾವು ಮಾಡಿದ ತಪ್ಪು ಅದೇ. ಕೈಕಾಲಿಗೆ ಗಾಯವಾಗಿ ಧನುರ್ವಾಯು ಬಂದವನ ಸೆಟೆತವನ್ನು ಸಡಿಲಿಸಲು ಡಯಾಜೆಪಾಮ್ ಬೇಕು. ನಿಲ್ಲದ ಅಪಸ್ಮಾರಕ್ಕೆ ಲೊರಾಜೆಪಾಮ್ ಬೇಕು. ಕುಡಿತ ನಿಲ್ಲಿಸುವವನಿಗೆ ಮೊದಲ ವಾರ ಅಪಾಯ ತಪ್ಪಿಸಲು ಆಸ್ಪತ್ರೆಯಲ್ಲಿ ಕೊಡುವುದು ಇದೇ ಗುಂಪಿನ ಮದ್ದು. ನಮ್ಮ ಕೃಷಿಕರು ಗಮನಿಸಬೇಕಾದ ಇನ್ನೊಂದು: ಆರ್ಗನೊಫಾಸ್ಫರಸ್ ಕೀಟನಾಶಕ ಮೈಗೇರಿ ಸೆಟೆತ ಬಂದವರಿಗೆ ಆಟ್ರೋಪಿನ್ ಜೊತೆ ಕೊಡುವುದೂ ಡಯಾಜೆಪಾಮೇ. ಅಪಸ್ಮಾರಕ್ಕೆಂದೇ ಕ್ಲೊಬಜಾಮ್, ಕ್ಲೊನಾಜೆಪಾಮ್ ತೆಗೆದುಕೊಳ್ಳುವ ಮಕ್ಕಳು, ದೊಡ್ಡವರು ನಮ್ಮ ಧರ್ಮಕೇಂದ್ರದಲ್ಲಿದ್ದಾರೆ. ಅವರು ಈ ಲೇಖನ ಓದಿ ಒಂದು ಚೂರನ್ನೂ ಕಡಿಮೆ ಮಾಡಬಾರದು. ಅವರ ವೈದ್ಯರು ಹೇಳಿದಂತೆ ನಡೆಯಲಿ.

ಹಾಗೆಯೇ ಸಾವಿನ ಮನೆಯಲ್ಲಿ, ಶಸ್ತ್ರಚಿಕಿತ್ಸೆಯ ಮೊದಲು, ದೊಡ್ಡ ಆಘಾತದಲ್ಲಿ ವೈದ್ಯರು ಒಂದು ವಾರ ಕೊಟ್ಟರೆ ಹೆದರಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ‘ಡಾಕ್ಟರೇ, ಇದು ಎಷ್ಟು ದಿನಕ್ಕೆ?’ ಉತ್ತರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಈ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ? ಮಿದುಳಿನಲ್ಲಿ ಗಾಬಾ ಎಂಬ ಒಂದು ಸಹಜ ವಸ್ತುವಿದೆ. ಮಿದುಳಿನ ಓಟಕ್ಕೆ ಅದು ಬ್ರೇಕು. ಮಾತ್ರೆ ಆ ಬ್ರೇಕನ್ನು ಇನ್ನಷ್ಟು ಬಲವಾಗಿ ಹಿಡಿಯುವಂತೆ ಮಾಡುತ್ತದೆ. ಆದ್ದರಿಂದ ಗಾಬರಿ ಇಳಿಯುತ್ತದೆ, ನಿದ್ದೆ ಬರುತ್ತದೆ, ಸ್ನಾಯು ಸಡಿಲವಾಗುತ್ತದೆ. ಆದರೆ ವಾರಗಟ್ಟಲೆ ಹೀಗಾದರೆ ಮಿದುಳು ಸುಮ್ಮನಿರುವುದಿಲ್ಲ. ತನ್ನ ಸ್ವಂತ ಬ್ರೇಕನ್ನು ಸಡಿಲಿಸಿಕೊಳ್ಳುತ್ತದೆ, ಓಟದ ಕಡೆಗೆ ಇನ್ನಷ್ಟು ಒತ್ತುತ್ತದೆ. ಮೊದಲಿನ ಮಾತ್ರೆ ಸಾಲದಾಗುತ್ತದೆ.

ನಮ್ಮ ಏತಡ್ಕ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲ ಮುಗಿದು ತೋಡಿನ ನೀರು ಇಳಿಯುವಾಗ ಊರವರು ಸೇರಿ ಕಟ್ಟ ಕಟ್ಟುತ್ತಾರೆ. ಕಿಂಡಿ ಅಣೆಕಟ್ಟಾದರೆ ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತಾರೆ. ಹಲಗೆಯ ಹಿಂದೆ ನೀರು ದಿನದಿಂದ ದಿನಕ್ಕೆ ಏರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಶಾಂತ. ಈಗ ಯಾರಾದರೂ ಹುಮ್ಮಸ್ಸಿನಿಂದ ಎಲ್ಲ ಹಲಗೆಗಳನ್ನೂ ಒಂದೇ ಗಂಟೆಯಲ್ಲಿ ಕಿತ್ತರೆ ಕೆಳಗಿನ ತೋಟದ ಬದು ಉಳಿಯುತ್ತದೆಯೇ? ಮೇಲಿನ ಹಲಗೆ ಒಂದು, ನೀರು ಇಳಿಯುವವರೆಗೆ ಕಾಯುವುದು, ಮತ್ತೆ ಒಂದು. ಒಂಬತ್ತು ವರ್ಷ ಕಟ್ಟಿದ ಕಟ್ಟವನ್ನು ಆ ಹಿರಿಯರು ಒಂದು ಭಾನುವಾರ ಒಡೆದುಬಿಟ್ಟಿದ್ದರು.

ಒಮ್ಮೆಲೇ ನಿಲ್ಲಿಸಿದವರಿಗೆ ಆಗುವುದನ್ನು ಗುರುತಿಸಲು ಕಲಿತಿರಿ. ಆಲ್‌ಪ್ರಜೊಲಾಮ್, ಲೊರಾಜೆಪಾಮ್ ಬೇಗ ಮೈಯಿಂದ ಹೊರಹೋಗುವ ಜಾತಿ. ಒಂದೆರಡು ದಿನದಲ್ಲೇ ತೊಂದರೆ ಶುರು. ಡಯಾಜೆಪಾಮ್ ನಿಧಾನಿ, ನಾಲ್ಕೈದು ದಿನ ಏನೂ ಆಗದೆ, ‘ನೋಡಿ, ಬಿಟ್ಟೇಬಿಟ್ಟೆ’ ಎಂದು ಹೆಮ್ಮೆಪಟ್ಟ ಮೇಲೆ ವಾರದ ಹೊತ್ತಿಗೆ ಕಾಣಿಸಿಕೊಳ್ಳಬಹುದು. ನಿದ್ದೆ ಮೊದಲಿಗಿಂತಲೂ ಹಾಳಾಗುತ್ತದೆ. ಕೈನಡುಕ, ಬೆವರು, ಎದೆಬಡಿತ, ವಾಕರಿಕೆ, ಮೈಯಲ್ಲಿ ಜುಮುಜುಮು, ಬೆಳಕು ಶಬ್ದ ಸಹಿಸಲಾಗದಿರುವುದು, ಕಾರಣವಿಲ್ಲದ ಹೆದರಿಕೆ. ಇಲ್ಲದ್ದು ಕಾಣುವುದು, ಗೊಂದಲದ ಮಾತು, ಅಪಸ್ಮಾರ ಇವು ಬಂದರೆ ಕ್ಷಣ ಕಾಯದೆ ಆಸ್ಪತ್ರೆಗೆ ಹೋಗಬೇಕು, ಪ್ರಾಣಕ್ಕೇ ಅಪಾಯ. ಬಹಳ ಜನ ನಡುಕ ಮತ್ತು ಹೆದರಿಕೆಯನ್ನು ಕಂಡು ‘ಹಳೆ ರೋಗ ಮರಳಿತು, ನನಗೆ ಮಾತ್ರೆ ಬೇಕೇ ಬೇಕು’ ಎಂದು ತಿಳಿಯುತ್ತಾರೆ. ಮೊದಲು ಎಂದೂ ಇಲ್ಲದ ಜುಮುಜುಮು, ಬೆಳಕಿನ ಅಸಹನೆ ಈಗ ಬಂದಿದ್ದರೆ ಅದು ಹಳೆ ರೋಗವಲ್ಲ, ಹಲಗೆ ಬೇಗ ಕಿತ್ತದ್ದರ ಗುರುತು.

2020ರ ಮಾರ್ಚಿನಲ್ಲಿ ಕೊರೋನಾದ ಕಾರಣ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು ನಿಮಗೆ ನೆನಪಿರಬಹುದು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರು ಈಚೆ ಸಿಕ್ಕಿಬಿದ್ದರು. ಆಗ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮದ್ದಿಗೆ ಎಲ್ಲರೂ ಓಡಾಡಿದೆವು. ನಿದ್ದೆ ಮಾತ್ರೆ ಮುಗಿದವರ ಬಗ್ಗೆ ಯಾರೂ ಕೇಳಲಿಲ್ಲ, ಅವರೂ ನಾಚಿಕೆಯಿಂದ ಹೇಳಲಿಲ್ಲ. ಆ ದಿನಗಳಲ್ಲಿ ‘ಕೊರೋನಾ ಹೆದರಿಕೆ’ ಎಂದು ನಾವು ಸಮಾಧಾನ ಹೇಳಿ ಬಂದ ಮನೆಗಳಲ್ಲಿ ಎಷ್ಟರಲ್ಲಿ ನಿಜವಾಗಿ ಮಾತ್ರೆ ಮುಗಿದಿತ್ತೋ ಎಂದು ಈಗ ಯೋಚನೆಯಾಗುತ್ತದೆ.

ದಿನಾ ತೆಗೆದುಕೊಳ್ಳುತ್ತಾ ಹೋಗುವುದರಲ್ಲಿಯೂ ನಷ್ಟವಿದೆ. ಅದು ಸದ್ದಿಲ್ಲದ ನಷ್ಟ. ವಯಸ್ಸಾದವರ ದೇಹದಿಂದ ಮದ್ದು ನಿಧಾನವಾಗಿ ಹೊರಹೋಗುತ್ತದೆ. ರಾತ್ರಿ ಮೂತ್ರಕ್ಕೆ ಎದ್ದವರು ತೂಕಡಿಸಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಮರೆವು ಹೆಚ್ಚುತ್ತದೆ, ‘ಅಜ್ಜನಿಗೆ ಅರಳುಮರಳು’ ಎಂದು ನಾವು ತಳ್ಳಿಹಾಕುವುದರಲ್ಲಿ ಸ್ವಲ್ಪ ಪಾಲು ಮಾತ್ರೆಯದ್ದೂ ಇರಬಹುದು. ರಬ್ಬರು ಟ್ಯಾಪಿಂಗಿಗೆ ನಸುಕಿನ ಮೂರು ನಾಲ್ಕು ಗಂಟೆಗೆ ಹಣೆಗೆ ದೀಪ ಕಟ್ಟಿ ಹೊರಡುವವರು ರಾತ್ರಿ ಹತ್ತಕ್ಕೆ ಕ್ಲೊನಾಜೆಪಾಮ್ ನುಂಗಿದರೆ, ಗುಡ್ಡೆ ಹತ್ತುವಾಗ ಅದರ ಅರ್ಧಕ್ಕಿಂತ ಹೆಚ್ಚು ರಕ್ತದಲ್ಲೇ ಇರುತ್ತದೆ. ಅಡಿಕೆ ಮರ ಏರಿ ಮದ್ದು ಬಿಡುವವರು, ಟಿಲ್ಲರು ಓಡಿಸುವವರು, ಹುಲ್ಲು ಕತ್ತರಿಸುವ ಯಂತ್ರ ಹೆಗಲಿಗೆ ಹಾಕುವವರು ಇದನ್ನು ತಮ್ಮ ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ‘ನಾನು ಮರ ಹತ್ತುವವನು’ ಎಂದು ನಾವು ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ?

ಮದ್ಯದ ಜೊತೆ ಸೇರಿದರೆ ಇದು ಉಸಿರನ್ನೇ ಮಂದ ಮಾಡುತ್ತದೆ. ಕಳ್ಳು ಮದ್ಯವಲ್ಲ ಎಂಬ ವಾದವನ್ನು ನಮ್ಮ ಮುಂದೆ ಹೂಡಬೇಡಿ, ಮಿದುಳು ಅದನ್ನು ಒಪ್ಪುವುದಿಲ್ಲ. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆಯ ಜೊತೆಗೂ ಅದೇ ಅಪಾಯ. ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟುವವರು, ದಮ್ಮಿನ ಕಾಯಿಲೆ ಜೋರಾಗಿರುವವರು ಮೊದಲೇ ಹೇಳಬೇಕು. ಗರ್ಭಿಣಿಯರು ತಾವಾಗಿ ಹೊಸದಾಗಿ ತೆಗೆದುಕೊಳ್ಳಲೂ ಬಾರದು, ತೆಗೆದುಕೊಳ್ಳುತ್ತಿದ್ದರೆ ಹೆದರಿ ಒಮ್ಮೆಲೇ ಬಿಡಲೂ ಬಾರದು. ಆ ವಾರವೇ ವೈದ್ಯರನ್ನು ಕಾಣಲಿ.

ಈಗ ಬಿಡುವ ಕ್ರಮ. ಇದರಲ್ಲಿ ಎಲ್ಲರಿಗಿಂತ ಹೆಚ್ಚು ಅನುಭವ ಇದ್ದವರು ಇಂಗ್ಲೆಂಡಿನ ನ್ಯೂಕಾಸಲ್‌ನ ಪ್ರೊಫೆಸರ್ ಹೀದರ್ ಆಷ್ಟನ್. 1982ರಿಂದ 1994ರವರೆಗೆ ಈ ಮಾತ್ರೆ ಬಿಡುವವರಿಗೆಂದೇ ಒಂದು ಚಿಕಿತ್ಸಾಲಯ ನಡೆಸಿ, 1999ರಲ್ಲಿ ಒಂದು ಕೈಪಿಡಿ ಬರೆದರು, 2019ರಲ್ಲಿ ತೀರಿಕೊಂಡರು. ಅವಸರ ಬೇಡ, ರೋಗಿಯ ವೇಗದಲ್ಲಿ ಇಳಿಸಿ ಎಂಬುದು ಅವರ ಮುಖ್ಯ ಮಾತು. ಅಮೆರಿಕದ ವೈದ್ಯ ಸಂಘಗಳು ಸೇರಿ 2025ರಲ್ಲಿ ಹೊರಡಿಸಿದ ಮಾರ್ಗದರ್ಶನವೂ ಅದೇ ದಾರಿಯದು: ಈಗ ತೆಗೆದುಕೊಳ್ಳುವ ಪ್ರಮಾಣದಲ್ಲಿ ನೂರಕ್ಕೆ 5ರಿಂದ 10 ಪಾಲು, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಇಳಿಸುವುದು, ಎರಡು ವಾರದಲ್ಲಿ 25 ಪಾಲಿಗಿಂತ ಹೆಚ್ಚು ಇಳಿಸದಿರುವುದು. ಕೆಲವರಿಗೆ ವೈದ್ಯರು ಬೇಗ ಇಳಿಯುವ ಮದ್ದಿನ ಬದಲು ನಿಧಾನವಾಗಿ ಇಳಿಯುವ ಡಯಾಜೆಪಾಮ್‌ಗೆ ಬದಲಾಯಿಸಿ ಆಮೇಲೆ ಕಡಿಮೆ ಮಾಡುತ್ತಾರೆ. ಆ ಬದಲಾವಣೆಯ ಲೆಕ್ಕ ಬಹಳ ಸೂಕ್ಷ್ಮ. ಅರ್ಧ ಮಿಲಿಗ್ರಾಂ ಆಲ್‌ಪ್ರಜೊಲಾಮ್ ಆಷ್ಟನ್ ಅವರ ಲೆಕ್ಕದಲ್ಲಿ ಹತ್ತು ಮಿಲಿಗ್ರಾಂ ಡಯಾಜೆಪಾಮ್‌ಗೆ ಸಮ. ಅಂಗಡಿಯವರನ್ನು ಕೇಳಿ ‘ಅದರ ಬದಲು ಇದು’ ಎಂದು ಮಾಡುವ ಕೆಲಸ ಖಂಡಿತ ಅಲ್ಲ.

ನಮ್ಮ ಹಿರಿಯರ ಕತೆಗೆ ಬರೋಣ. ಆಸ್ಪತ್ರೆಯಲ್ಲಿ ಮೊದಲು ಹಳೆಯ ಪ್ರಮಾಣಕ್ಕೇ ಮರಳಿಸಿದರು. ಒಂದು ತಿಂಗಳು ಏನೂ ಮುಟ್ಟಲಿಲ್ಲ. ಬಳಿಕ ಆಗಸ್ಟ್‌ನಲ್ಲಿ ಮೊದಲ ಹಲಗೆ: ಕಾಲು ಮಿಲಿಗ್ರಾಂ ಮಾತ್ರೆಯ ಅರ್ಧದಷ್ಟು ಇಳಿಕೆ, ಎಂದರೆ 0.125 ಮಿಲಿಗ್ರಾಂ. ತಿಂಗಳಿಗೊಂದರಂತೆ ಎಂಟು ಇಳಿಕೆ. ಮಾರ್ಚಿಗೆ ಅರ್ಧ ಮಿಲಿಗ್ರಾಂಗೆ ಬಂದರು. ಅಲ್ಲಿಂದ ಮುಂದೆ ಎರಡು ತಿಂಗಳಿಗೊಂದು. ‘ಒಂದೂವರೆಯಿಂದ ಇಳಿಸಿದ್ದಕ್ಕಿಂತ ಅರ್ಧದಿಂದ ಇಳಿಸುವುದೇ ಕಷ್ಟವಾಯಿತು ಫಾದರ್’ ಎಂದು ಅವರು ಹೇಳಿದ್ದು ನಿಜ. ಇಳಿಸುವ ತುಂಡು ಅದೇ ಇದ್ದರೂ ಉಳಿದದ್ದರಲ್ಲಿ ಅದರ ಪಾಲು ದೊಡ್ಡದಾಗುತ್ತಾ ಹೋಗುತ್ತದೆ. ಜುಲೈಯಲ್ಲಿ ತೋಟಕ್ಕೆ ಕೊಳೆರೋಗ ಬಡಿದು, ಬುಡದಲ್ಲಿ ಎಳೆ ಅಡಿಕೆ ಹಾಸಿದಂತೆ ಬಿದ್ದಿತ್ತು. ಸಾಲದ ಕಂತು ಬೇರೆ. ಅವರು ಹೆದರಿ ಮತ್ತೆ ಮಾತ್ರೆ ಏರಿಸಲು ಹೊರಟರು. ವೈದ್ಯೆ ಹೇಳಿದರು: ‘ಏರಿಸುವುದು ಬೇಡ, ಇಳಿಸುವುದೂ ಬೇಡ, ಇದ್ದಲ್ಲೇ ನಿಲ್ಲಿ.’ ಸೆಪ್ಟೆಂಬರಿನವರೆಗೆ ನಿಂತರು. ನಿಂತದ್ದು ಸೋಲಲ್ಲ ಎಂದು ಅವರಿಗೆ ಹೇಳುವ ಕೆಲಸ ಮಾತ್ರ ನಮ್ಮ ಪಾಲಿಗೆ ಬಂತು, ಅದನ್ನು ಪ್ರತಿ ವಾರ ಹೋಗಿ ಹೇಳಿದೆವು. ಜನವರಿಯಲ್ಲಿ ಕೊನೆಯ ಅರ್ಧ ತುಂಡೂ ಹೋಯಿತು. ಒಟ್ಟು ಹದಿನೇಳು ತಿಂಗಳು.

ಎಲ್ಲರಿಗೂ ಇಷ್ಟು ಬೇಕೆಂದಿಲ್ಲ. ಎರಡು ಮೂರು ತಿಂಗಳು ಸಣ್ಣ ಪ್ರಮಾಣ ತೆಗೆದುಕೊಂಡವರು ಕೆಲವೇ ವಾರಗಳಲ್ಲಿ ಬಿಡಬಹುದು. ಕೆಲವರಿಗೆ, ವಯಸ್ಸು ಮತ್ತು ರೋಗ ನೋಡಿ, ಪೂರ್ತಿ ಬಿಡಿಸುವುದಕ್ಕಿಂತ ಕಡಿಮೆ ಮಾಡಿ ನಿಲ್ಲಿಸುವುದೇ ಲೇಸೆಂದು ವೈದ್ಯರು ತೀರ್ಮಾನಿಸಬಹುದು. ಅದನ್ನು ಅವರೇ ನೋಡಬೇಕು.

ಆ ಹದಿನೇಳು ತಿಂಗಳಲ್ಲಿ ಸೊಸೆಯಿಂದ ನಾವು ಕಲಿತ ಕೆಲವು ಸಂಗತಿಗಳಿವೆ. ಅವರು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಪ್ರಮಾಣ ಬರೆದರು. ಮಾವನ ಕೈಗೆ ಪಟ್ಟಿ ಕೊಡದೆ ವಾರದ ಮಾತ್ರೆಗಳನ್ನು ಮಾತ್ರ ತುಂಡರಿಸಿ ಡಬ್ಬಿಯಲ್ಲಿಟ್ಟರು. ತುಂಡರಿಸಲು ಅಂಗಡಿಯಲ್ಲಿ ಒಂದು ಸಣ್ಣ ಕಟ್ಟರು ಸಿಗುತ್ತದೆ. ಬ್ಲೇಡಿನಲ್ಲಿ ಕೊಯ್ದರೆ ಪುಡಿಯಾಗುತ್ತದೆ. ಹೆಸರಿನ ಮುಂದೆ ‘ಎಸ್.ಆರ್.’ ಎಂದು ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ, ವೈದ್ಯರನ್ನು ಕೇಳದೆ ತುಂಡರಿಸಬಾರದು. ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳುವ ಉಪಾಯವನ್ನು ನೆರೆಯವರು ಹೇಳಿದರಂತೆ. ಅದು ತಪ್ಪು, ಆಲ್‌ಪ್ರಜೊಲಾಮ್‌ನಂಥ ಮದ್ದಿನಲ್ಲಿ ಅದು ಒಂದು ದಿನ ಕಟ್ಟ ಕಟ್ಟಿ ಮರುದಿನ ಒಡೆದಂತೆ. ಇಳಿಸುವ ತಿಂಗಳುಗಳಲ್ಲಿ ನಿದ್ದೆಗೆಂದು ಒಂದು ಗುಟುಕು ಬ್ರಾಂದಿ ಕೊಡುವ ಹಳೆ ಔದಾರ್ಯವೂ ಬೇಡ.

ನಿದ್ದೆಯ ವಿಷಯದಲ್ಲಿ ಆ ವೈದ್ಯೆ ಕೊಟ್ಟ ಸಲಹೆಗಳು ಮೊದಲಿಗೆ ನಮಗೆ ಸಪ್ಪೆಯೆನಿಸಿದವು, ಆದರೆ ಕೆಲಸ ಮಾಡಿದವು. ಎಷ್ಟೇ ಕೆಟ್ಟ ರಾತ್ರಿಯಾದರೂ ಏಳುವ ಹೊತ್ತು ಒಂದೇ. ಊಟದ ನಂತರದ ಮಲಗುವಿಕೆ ಅರ್ಧ ಗಂಟೆ ಮೀರಬಾರದು. ಸಂಜೆಯ ಚಾ ನಾಲ್ಕಕ್ಕೆ ಕೊನೆ. ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಹಾಸಿಗೆಯಿಂದ ಎದ್ದು ಕುರ್ಚಿಯಲ್ಲಿ ಕೂರುವುದು. ತೂಕಡಿಕೆ ಬಂದ ಮೇಲೆ ಮರಳುವುದು. ಈ ಹಿರಿಯರು ಕುರ್ಚಿಯಲ್ಲಿ ಕೂತು ಜಪಸರ ಹಿಡಿದರು. ‘ಮೂರನೆಯ ರಹಸ್ಯದಲ್ಲೇ ನಿದ್ದೆ ಬರುತ್ತದೆ, ಪಾಪವಾ ಫಾದರ್?’ ಎಂದು ಕೇಳಿದರು. ಅಲ್ಲ ಎಂದೆವು. ಅರುವತ್ತೈದು ದಾಟಿದವರಿಗೆ ಇಪ್ಪತ್ತರ ನಿದ್ದೆ ಬಾರದು, ಆರು ಗಂಟೆ ಬಂದರೆ ಸಾಕಾಗುವವರು ಬಹಳ ಜನ. ಏಳಕ್ಕೇ ದೀಪ ಆರಿಸಿ ಮಲಗಿ ಎರಡಕ್ಕೆ ಎಚ್ಚರವಾಯಿತೆಂದು ದೂರುವುದು ಲೆಕ್ಕದ ತಪ್ಪು, ರೋಗವಲ್ಲ. ಮಂಡಿನೋವು, ರಾತ್ರಿ ಪದೇ ಪದೇ ಮೂತ್ರ, ಕೆಮ್ಮು ಇವುಗಳಿಗೆ ಚಿಕಿತ್ಸೆ ಸಿಕ್ಕರೆ ನಿದ್ದೆ ತಾನಾಗಿ ಬರುತ್ತದೆ. ಮನಸ್ಸಿನ ಖಿನ್ನತೆ, ಗಾಬರಿ ನಿಜವಾಗಿ ಇದ್ದರೆ ಅದಕ್ಕೆ ಬೇರೆ ಮದ್ದುಗಳಿವೆ; ಅವು ವಾರಗಟ್ಟಲೆ ತೆಗೆದುಕೊಂಡ ಮೇಲೆ ನಿಧಾನವಾಗಿ ಕೆಲಸ ಮಾಡುವವು.

ಮತ್ತು ಒಂಟಿತನ. ಮಗ ಗಲ್ಫಿನಲ್ಲಿ, ಮಗಳು ಬೆಂಗಳೂರಿನಲ್ಲಿ, ಹಳದಿ ರೋಗಕ್ಕೋ ಎಲೆಚುಕ್ಕಿಗೋ ಸೊರಗುವ ತೋಟ, ರಾತ್ರಿ ಮಾತಿಗೆ ಯಾರೂ ಇಲ್ಲ. ಇದಕ್ಕೆ ಅರ್ಧ ಮಿಲಿಗ್ರಾಂ ಉತ್ತರವಾದದ್ದು ಹೇಗೆಂದು ನಾವು ವಾಳೆಯ ಗುರಿಕಾರರೊಂದಿಗೆ ಕೂತು ಮಾತಾಡಿದ್ದೇವೆ. ಈಗ ಒಬ್ಬಂಟಿ ಹಿರಿಯರಿರುವ ಮನೆಗಳಿಗೆ ವಾರಕ್ಕೊಮ್ಮೆ ಸಂಜೆ ಯಾರಾದರೂ ಹೋಗುತ್ತಾರೆ. ಸಿಹಿ ತರಬೇಡಿ, ಸಕ್ಕರೆ ಕಾಯಿಲೆಯಿದೆ. ಇಸ್ಪೀಟು ತನ್ನಿ ಎಂದು ಒಬ್ಬರು ಬೇಡಿಕೆ ಇಟ್ಟಿದ್ದಾರೆ.

ಮನೆಯಲ್ಲಿ ಇಡುವ ಬಗೆ ಬಗ್ಗೆ ಸ್ವಲ್ಪ. ನಮ್ಮ ತೋಟದ ಮನೆಗಳಲ್ಲಿ ಕೀಟನಾಶಕದ ಡಬ್ಬಿ, ಮಾತ್ರೆ, ಟಾರ್ಚಿನ ಸೆಲ್ಲು ಎಲ್ಲವೂ ಒಂದೇ ಜಗಲಿಯ ಮಾಡಿನಲ್ಲಿರುತ್ತವೆ. ಇದು ನಿಲ್ಲಲಿ. ನಿದ್ದೆ ಮಾತ್ರೆ ಬೀಗದೊಳಗಿರಲಿ. ಮಕ್ಕಳ ಕೈಗೂ, ಬದುಕು ಬೇಸರವಾಯಿತು ಎನ್ನುವವರ ಕೈಗೂ ಸಿಗಬಾರದು. ಹೆಚ್ಚು ಕೂಡಿಡಬೇಡಿ, ಆದರೆ ಮಳೆಗಾಲದಲ್ಲಿ ದಾರಿ ಮುಚ್ಚಿ ಒಮ್ಮೆಲೇ ನಿಲ್ಲುವಂತೆಯೂ ಆಗಬಾರದು. ಎರಡು ವಾರದ ಹೆಚ್ಚುವರಿ ನಂಬಿಕೆಯವರ ಕೈಯಲ್ಲಿರಲಿ. ನಿಮ್ಮ ಮಾತ್ರೆಯನ್ನು ನೆರೆಯವರಿಗೆ ದಾನ ಮಾಡಬೇಡಿ. 2014ರ ಮಾರ್ಚಿನಿಂದ ಇವುಗಳಲ್ಲಿ ಹಲವು ‘ಎಚ್1’ ಎಂಬ ಪಟ್ಟಿಯಲ್ಲಿವೆ. ಚೀಟಿಯಿಲ್ಲದೆ ಕೊಡುವಂತಿಲ್ಲ, ಅಂಗಡಿಯವರು ಹೆಸರು ಬರೆದು ಮೂರು ವರ್ಷ ದಾಖಲೆ ಇಡಬೇಕು. ಪರಿಚಯದ ಮೇಲೆ ಹಳೆ ಚೀಟಿಗೆ ಕೊಡುವ ಅಂಗಡಿಯವರು ನಿಮಗೆ ಉಪಕಾರ ಮಾಡುತ್ತಿಲ್ಲ.

ಇಳಿಸಲು ಬಯಸುವವರು ಯಾರ ಬಳಿ ಹೋಗಬೇಕು? ಮಾತ್ರೆ ಬರೆದ ವೈದ್ಯರೇ ಮೊದಲು. ಇಲ್ಲವಾದರೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ಮನಸ್ಸು ತೀರ ಕುಸಿದಾಗ ಹಗಲು ರಾತ್ರಿ ಯಾವಾಗಲೂ 14416 ಸಂಖ್ಯೆಗೆ ಫೋನು ಮಾಡಬಹುದು. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸೇವೆ ಅದು.

ಮುಂದಿನ ಎರಡು ಭಾನುವಾರ ಎರಡನೆಯ ಪೂಜೆಯ ಬಳಿಕ ಸಭಾಂಗಣದಲ್ಲಿ ನಮ್ಮ ನರ್ಸ್ ಸಿಸ್ಟರ್ ಕೂರುತ್ತಾರೆ. ನಿಮ್ಮ ಮಾತ್ರೆಯ ಪಟ್ಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿ. ಸಣ್ಣ ಅಕ್ಷರದ ಹೆಸರನ್ನು ಕನ್ನಡದಲ್ಲಿ ಬರೆದುಕೊಡುತ್ತಾರೆ, ಅಷ್ಟೇ. ಏನನ್ನೂ ನಿಲ್ಲಿಸಿ ಎಂದು ಯಾರೂ ಹೇಳುವುದಿಲ್ಲ. ಪಟ್ಟಿ ಓದಲು ಸಹಾಯಕ್ಕೆ ಬರುತ್ತೇನೆಂದು ಒಬ್ಬ ಹಿರಿಯರು ಹೆಸರು ಕೊಟ್ಟಿದ್ದಾರೆ. ಹಿಂದಿನ ಬೆಂಚಿನವರೇ. ‘ಈ ಸಲ ಮೈಕು ನಿಮ್ಮ ಕೈಯಲ್ಲಿ ಬೇಡ ಫಾದರ್’ ಎಂದು ಮೊದಲೇ ಷರತ್ತು ಹಾಕಿದ್ದಾರೆ, ನಾವು ಒಪ್ಪಿಕೊಂಡಿದ್ದೇವೆ.